ಹನ್ನೊಂದು ತೋಟದ ಮಾತು

ಹೊರದೇಶದಿಂದ ಯಾರದೋ ಸಸಿಯ ಜೊತೆ, ತಪಾಸಣೆಯವರ ಕಣ್ಣು ತಪ್ಪಿಸಿ ಬಂದ ಬಿಳಿನೊಣ ಕಡಬದ ನಮ್ಮ ತೆಂಗಿಗೂ ಹತ್ತಿತ್ತು. ಗರಿಯ ಕೆಳಗೆ ಬಿಳಿ ಸುರುಳಿ, ಮೇಲೆಲ್ಲ ಮಸಿ. ಔಷಧಿ ಹೊಡೆದಷ್ಟೂ ಹೆಚ್ಚಾಯಿತು. ಕೊನೆಗೆ ನಾನೇ ಓಡಾಡಿ, ತೋಟಗಾರಿಕೆ ಇಲಾಖೆಯ ಪಲ್ಲವಿ ಮೇಡಂ ಕೊಟ್ಟ ಗರಿ ತುಂಡುಗಳನ್ನು ತಂದು ಮರಮರಕ್ಕೂ ಕಟ್ಟಿದೆ. ಅವುಗಳಲ್ಲಿ ಸಾಸಿವೆಗಿಂತ ಸಣ್ಣ ಕಣಜದ ಹುಳಗಳಿದ್ದವು. ಬಿಳಿನೊಣದ ಮರಿಯೊಳಗೆ ಮೊಟ್ಟೆಯಿಟ್ಟು ಅದನ್ನು ಕೊಲ್ಲುತ್ತವಂತೆ.

"ಮೂರು ತಿಂಗಳು ಯಾರೂ ಔಷಧಿ ಹೊಡೀಬಾರ್ದು, ಕಣಜಾನೂ ಸತ್ತೋಗ್ತವೆ" ಎಂದಿದ್ದರು ಮೇಡಂ. ಕಾಡಿ ಬೇಡಿ ಹನ್ನೊಂದು ತೋಟದವರನ್ನು ಒಪ್ಪಿಸಿದೆ. ಪಕ್ಕದ ತೋಟದ ನನ್ನ ತಮ್ಮ ಸಂಗಮೇಶ ಎಲ್ಲರಿಗಿಂತ ಮೊದಲು ಕೊರಳ ಲಿಂಗ ಮುಟ್ಟಿ ಮಾತು ಕೊಟ್ಟ. ಇನ್ನೊಂದು ಪಕ್ಕದ ತಿಪ್ಪಮ್ಮ ಮಾತ್ರ, "ಹುಳಕ್ಕೆ ಹುಳ ಬುಟ್ರೆ ಏನಾಯ್ತದೆ" ಎಂದು ಗೊಣಗಿಕೊಂಡೇ ಒಪ್ಪಿದಳು.

ಎರಡು ತಿಂಗಳಿಗೆ ಬಿಳಿಮರಿಗಳು ಕಪ್ಪಾಗತೊಡಗಿದವು. ಕಣಜ ಗೆಲ್ಲುತ್ತಿತ್ತು. ನನಗೆ ಖುಷಿಯೋ ಖುಷಿ.

ಕುಣಿಗಲ್‌ಗೆ ನೆಂಟರ ಮದುವೆಗೆಂದು ಹೋಗಿ ಎರಡು ದಿನ ಬಿಟ್ಟು ಬಂದರೆ ತೋಟವೆಲ್ಲ ಔಷಧಿ ನಾತ. ಒಂದು ಕಣಜವೂ ಉಳಿದಿರಲಿಲ್ಲ. ಪಕ್ಕದಲ್ಲಿ ಹೊಡೆದದ್ದು ಗಾಳಿಗೆ ನಮ್ಮಲ್ಲಿಗೂ ಬಂದಿರಬೇಕು. ಗೊಣಗಿದವಳು ತಿಪ್ಪಮ್ಮ ತಾನೇ? ನನಗೋ ಮೂಗಿನ ತುದೀಲೇ ಕೋಪ. ಹಾಲಿನ ಡೇರಿ ಮುಂದೆ, ಸಾಲಿನಲ್ಲಿ ನಿಂತವರೆಲ್ಲರ ಎದುರು ಅವಳನ್ನು ಹಿಡಿದುಕೊಂಡೆ.

"ಮಾತು ಕೊಟ್ಟು ಹಿಂಗ್ ಮಾಡೋಕೆ ನಾಚ್ಕೆ ಆಗಲ್ವಾ ನಿಂಗೆ?"

"ನಾನಲ್ಲ ಕಣವ್ವ" ಎಂದಷ್ಟೇ ಹೇಳಿ, ಹಾಲನ್ನೂ ಹಾಕದೆ ಕ್ಯಾನು ಎತ್ತಿಕೊಂಡು ಹೋದಳು. ಸಂಗಮೇಶ ನನ್ನ ಭುಜ ಹಿಡಿದು, "ಹೋಗ್ಲಿ ಬುಡಕ್ಕ, ವಯಸ್ಸಾದೋರು" ಎಂದ. ಎಂಥ ಒಳ್ಳೆ ತಮ್ಮ ಅಂದುಕೊಂಡೆ.

ಮರುವಾರ, ಡ್ರೋನ್‌ನಲ್ಲಿ ಔಷಧಿ ಹೊಡೆಯುವ ಮೋಹನ್‌ಕುಮಾರ್ ಸಿಕ್ಕ. "ಬಸವಲಿಂಗಕ್ಕ, ಗರಿ ಈಗ ಹೆಂಗವೆ? ಸಂಗಮೇಶಣ್ಣ ಅವ್ರ ತೋಟಕ್ಕೆ ಹೊಡ್ಸಿ, ಅಕ್ಕಂದೂ ಹೊಡ್ದುಬುಡು, ಇಲ್ದಿದ್ರೆ ಅಲ್ಲಿಂದ್ಲೇ ನೊಣ ಬರ್ತವೆ ಅಂದ್ರು. ನಿಮ್ಗೂ ಗೊತ್ತು ಅಂದಿದ್ರಲ್ಲ?"

ನನ್ನ ತಮ್ಮನೇ! ಹೊಡೆಸಿದ್ದನ್ನಾದರೂ ಭಯಕ್ಕೆ ಮಾಡಿದ ಅಂದುಕೊಂಡೇನು. ಆದರೆ ನಾನು ಆ ಮುದುಕಿಯ ಮಾನ ಕಳೆಯುವಾಗ ಪಕ್ಕದಲ್ಲೇ ನಿಂತಿದ್ದನಲ್ಲ, ಅಯ್ಯೋ ಪಾಪಿ!

ಮೇಡಂ ಬಂದು ನೋಡಿ, ಹೊಸ ಕಣಜ ಸದ್ಯಕ್ಕೆ ಸಿಗುವುದಿಲ್ಲ, ತಿಪ್ಪಮ್ಮನ ತೋಟದಲ್ಲಿ ಬೇಕಾದಷ್ಟಿವೆ, ಅವರು ಒಂದಷ್ಟು ಗರಿ ಕೊಟ್ಟರೆ ನಿಮ್ಮ ಮರ ಉಳಿಯುತ್ತವೆ ಎಂದರು.

ಹೋದೆ. ತಿಪ್ಪಮ್ಮ ಹುರುಳಿ ಕೇರುತ್ತಿದ್ದಳು. ತಪ್ಪಾಯ್ತು ಎಂದು ಕೈ ಹಿಡಿದು, ತಮ್ಮನ ಕೆಲಸವನ್ನೂ ಹೇಳಿದೆ. ಅವಳು ಮೊರ ಕೆಳಗಿಟ್ಟಳು.

"ಗರಿ ಕೊಡ್ತೀನಿ ಕಣವ್ವ. ಆದ್ರೆ ಬೈದಾಗ ಊರೆಲ್ಲ ಇತ್ತು. ಇದ್ನೂ ಅಲ್ಲೇ ಹೇಳು."

ಸಂಜೆ ಹಾಲಿನ ಹೊತ್ತಿಗೆ ಸಂಗಮೇಶನ ಮನೆಗೆ ಹೋದೆ. "ಏಳೋ, ಡೇರಿ ಹತ್ರ ಬಂದು ನಿನ್ ಬಾಯಲ್ಲೇ ಹೇಳು" ಎಂದೆ. ಅವನಿಗೆ ಎಲ್ಲ ಅರ್ಥವಾಯಿತು. ತಲೆ ತಗ್ಗಿಸುತ್ತಾನೆ ಅಂದುಕೊಂಡಿದ್ದೆ.

"ಹೆಂಗೂ ತಪ್ಪು ಆಯಮ್ಮನ ಮೇಲೆ ಹೋಗೈತಲ್ಲಕ್ಕ, ಹಂಗೇ ಇರ್ಲಿ ಬುಡು" ಎಂದ. "ನಾವು ಒಡಹುಟ್ಟಿದೋರು."

ಒಬ್ಬಳೇ ಡೇರಿಗೆ ನಡೆದೆ. ಎಲ್ಲರೂ ಸಾಲಿನಲ್ಲಿದ್ದರು, ತಿಪ್ಪಮ್ಮನೂ ಇದ್ದಳು. ನನ್ನ ತಮ್ಮನ ಹೆಸರು ಹಿಡಿದು, ಎಲ್ಲರಿಗೂ ಕೇಳುವಂತೆ ಹೇಳಿದೆ.