ಹಿಮದವನಿಗೆ ಒಂದು ಬೊಗಸೆ ನೀರು

ಆ ಹೆಣಕ್ಕೆ ಶಾಪವಿದೆ ಎಂಬುದನ್ನು ನಾನಂತೂ ನಂಬಿದವಳಲ್ಲ. ಮಧ್ಯ ಏಷ್ಯಾದ ಯಾವುದೋ ಬೆಟ್ಟದ ಮಂಜುಗಡ್ಡೆಯೊಳಗೆ ಮೂರು ಸಾವಿರ ವರ್ಷ ಬಿದ್ದಿದ್ದು, ಚರ್ಮ ಕೂದಲು ಸಮೇತ ಸಿಕ್ಕ ಮನುಷ್ಯ ಅವನು. ಅವನನ್ನು ಅಗೆದು ತೆಗೆದವನು ಜಾರಿ ಬಿದ್ದು ಸತ್ತನಂತೆ, ಫೋಟೋ ಹೊಡೆದವನಿಗೆ ಹಾರ್ಟ್ ಅಟ್ಯಾಕ್ ಆಯಿತಂತೆ, ಪ್ರದರ್ಶನಕ್ಕೆಂದು ಶಿಕಾಗೋಗೆ ತಂದ ಮೇಲೆ ಮ್ಯೂಸಿಯಮ್ಮಿನ ಅರ್ಧ ಜನ ಕೆಲಸ ಕಳೆದುಕೊಂಡರಂತೆ. ಆರ್ಥಿಕ ಕುಸಿತದ ಎರಡು ಸಾವಿರದ ಒಂಬತ್ತರಲ್ಲಿ ಈ ದೇಶದಲ್ಲಿ ಯಾರ ಕೆಲಸ ಹೋಗಿರಲಿಲ್ಲ? ಅದಕ್ಕೆಲ್ಲ ಈ ಬಡಪಾಯಿಯೇ ಕಾರಣವೇ?

ನನ್ನ ಗಂಡ ತಿರುಮಲೇಶರು ಸ್ಟರ್ಲಿಂಗ್ ಹೈಟ್ಸ್ ಎಂಬ ಊರಿನಲ್ಲಿ ಕಾರುಗಳ ಏಸಿ ವಿನ್ಯಾಸ ಮಾಡುತ್ತಿದ್ದರು. ಆ ಆಫೀಸು ಬಾಗಿಲು ಹಾಕಿದಾಗ ಶಿಕಾಗೋ ಪಕ್ಕದ ಲಿಸ್ಲ್‌ನಲ್ಲಿ ಮ್ಯೂಸಿಯಮ್ಮಿನ ಗುತ್ತಿಗೆ ಹಿಡಿದಿದ್ದ ಒಂದು ಸಣ್ಣ ಕಂಪನಿ ಅವರನ್ನು ಕರೆದುಕೊಂಡು ವೀಸಾ ಉಳಿಸಿತು. ಹೆಣದ ಗಾಜಿನ ಪೆಟ್ಟಿಗೆಯನ್ನು ಸದಾ ಇಪ್ಪತ್ತೊಂದು ಡಿಗ್ರಿ ಫ್ಯಾರನ್‌ಹೀಟ್‌ನಲ್ಲಿ ಇಡುವುದು ಅವರ ಕೆಲಸ. ಇದೂ ಹೋದರೆ ನಾವಿಬ್ಬರೂ ಗಂಟುಮೂಟೆ ಕಟ್ಟುವುದೊಂದೇ ದಾರಿ.

ಪ್ರತಿ ಹಬ್ಬಕ್ಕೂ ನಮ್ಮನ್ನು ಕರೆಯುತ್ತಿದ್ದ, ಪಕ್ಕದೂರು ಓಕ್ ಬ್ರೂಕ್‌ನ ಪದ್ಮಜಾ ಆಂಟಿ ಆ ವರ್ಷ ವರಮಹಾಲಕ್ಷ್ಮಿ ಹಬ್ಬಕ್ಕೆ ನಮ್ಮನ್ನು ಕರೆಯಲಿಲ್ಲ.

"ಬೇಜಾರ್ ಮಾಡ್ಕೋಬೇಡಮ್ಮ ಇಂದುಮತಿ. ದಿನಾ ಹೆಣದ ಹತ್ರ ಹೋಗಿ ಬರ್ತಾರಲ್ಲ, ಅದಕ್ಕೇ," ಎಂದು ಫೋನಿನಲ್ಲಿ ಹೇಳಿದರು. ನನಗೆ ಮೈಯೆಲ್ಲ ಉರಿದುಹೋಯಿತು. ಮೂರು ಸಾವಿರ ವರ್ಷವಾದರೂ ಮುಗಿಯದ ಮೈಲಿಗೆ ಅದೆಂಥದ್ದೋ!

ತಿರುಮಲೇಶರು ಮಾತ್ರ ನಕ್ಕುಬಿಟ್ಟರು. ಬರಬರುತ್ತ ಅವರಿಗೆ ಊಟಕ್ಕೆ ಕುಳಿತಾಗಲೂ ಅವನದೇ ಮಾತು.

"ಒಬ್ಬನೇ ಎಲ್ಲಿಗೋ ಹೊರಟಿದ್ದನಂತೆ ಇಂದು. ಹುಡುಕಿಕೊಂಡು ಯಾರೂ ಬಂದಿಲ್ಲ ಪಾಪ."

"ಸಾರು ಆರ್ತಿದೆ, ಮೊದ್ಲು ಊಟ ಮಾಡಿ," ಎಂದು ನಾನು ಗದರಿಸುತ್ತಿದ್ದೆ.

ಮಹಾಲಯ ಅಮಾವಾಸ್ಯೆ ಬಂತು. ಪ್ರತಿ ವರ್ಷ ಅವರು ಅಡುಗೆಮನೆಯ ಸಿಂಕಿನ ಪಕ್ಕ ತಟ್ಟೆಯಿಟ್ಟು ತಂದೆ ತಾತಂದಿರಿಗೆ ಎಳ್ಳುನೀರು ಬಿಡುತ್ತಾರೆ. ಕೊನೆಗೆ, ಹಿಂದೆ ಮುಂದೆ ಯಾರೂ ಇಲ್ಲದೆ ಸತ್ತವರಿಗೂ ಒಂದು ಬೊಗಸೆ ಬಿಡುವ ಪದ್ಧತಿಯುಂಟು. ಆ ವರ್ಷ ಆ ಕೊನೆಯ ಬೊಗಸೆಯನ್ನು ಮನೆಯಲ್ಲಿ ಬಿಡಲಿಲ್ಲ. ಮ್ಯೂಸಿಯಂ ತೆರೆಯುವ ಮೊದಲು ಗಾಜಿನ ಪೆಟ್ಟಿಗೆಯ ಮುಂದೆ ನಿಂತು, ಅಂಗಿ ಬಿಚ್ಚಿ, ಜನಿವಾರವನ್ನು ಬಲ ಹೆಗಲಿಗೆ ಹಾಕಿಕೊಂಡು, ಸ್ಟೀಲ್ ತಟ್ಟೆಯೊಳಗೆ ಅವನ ಹೆಸರಿಗೆ ನೀರು ಬಿಟ್ಟರು. ಅವನ ಗೋತ್ರ ಗೊತ್ತಿಲ್ಲವಲ್ಲ, ಅದಕ್ಕೆ ಕಾಶ್ಯಪ ಗೋತ್ರ ಎಂದರಂತೆ. ತಲೆಯ ಮೇಲೆ ಕ್ಯಾಮೆರಾ ಇದೆಯೆಂಬುದು ಮಾತ್ರ ಈ ಪುಣ್ಯಾತ್ಮರಿಗೆ ಮರೆತೇಹೋಗಿತ್ತು.

ಆ ವಿಡಿಯೋ ಹೇಗೋ ಟಿವಿಯವರ ಕೈಗೆ ಸಿಕ್ಕಿತು. ಶಾಪಕ್ಕೆ ಹೆದರಿ ಎಂಜಿನಿಯರೇ ಪೂಜೆ ಮಾಡುತ್ತಿದ್ದಾನೆ ಎಂದು ತೋರಿಸಿದ್ದೇ ತೋರಿಸಿದ್ದು. ಶಾಲೆಗಳು ಮಕ್ಕಳನ್ನು ಮ್ಯೂಸಿಯಮ್ಮಿಗೆ ಕಳಿಸುವುದನ್ನು ನಿಲ್ಲಿಸಿದವು. ವಾರದೊಳಗೆ ಕಂಪನಿಯವರು ಇವರ ಬ್ಯಾಡ್ಜ್ ಇಸಿದುಕೊಂಡು ಮನೆಗೆ ಕಳಿಸಿದರು. ಕೆಲಸದ ಜೊತೆ ವೀಸಾ ಕೂಡ ಹೋಯಿತು.

"ಹೆದರಿ ಮಾಡಿದ್ದಲ್ಲ ಅಂತ ಹೇಳ್ಲಿಲ್ವಾ?" ಎಂದು ಕೇಳಿದೆ.

"ಹೇಳಿದೆ. ಮತ್ಯಾಕೆ ಮಾಡಿದೆ ಅಂದ್ರು. ಏನು ಹೇಳಿದ್ರೂ ಹುಚ್ಚನ ಮಾತಿನ ಥರ ಕೇಳಿಸ್ತಿತ್ತು."

ನನಗೆ ತಡೆಯಲಾಗಲಿಲ್ಲ. "ಸತ್ತೋನಿಗೆ ನೀರು ಬಿಡೋಕೆ ಹೋಗಿ ಬದುಕಿರೋ ನಮ್ಮನ್ನ ಮುಳುಗಿಸಿಬಿಟ್ರಲ್ರೀ! ಅವನು ನಿಮಗೇನಾಗಬೇಕು?"

ಅವರು ನೆಲ ನೋಡುತ್ತ ಕುಳಿತಿದ್ದರು.

"ಏನೂ ಆಗಬೇಕಿಲ್ಲ. ನಾಳೆ ನಮಗೆ ಬಿಡೋರು ಯಾರಿದಾರೆ ಹೇಳು?"

ಮಕ್ಕಳಾಗುವುದಿಲ್ಲ ಎಂದು ಡಾಕ್ಟರು ಕೈಚೆಲ್ಲಿದ ದಿನದಿಂದ ನಾವಿಬ್ಬರೂ ಆ ಮಾತನ್ನು ಎತ್ತಿರಲಿಲ್ಲ. ನಾನು ಮರೆತಿದ್ದೇನೆಂದು ಅವರು, ಅವರು ಮರೆತಿದ್ದಾರೆಂದು ನಾನು ನಂಬಿಕೊಂಡಿದ್ದೆವು. ನಮ್ಮೂರು ಮೈಸೂರಿಗೆ ಹಿಂತಿರುಗಿದರೂ ಬಾಗಿಲು ತೆರೆಯುವವರು ಯಾರೂ ಇರಲಿಲ್ಲ.

ಅವರ ಪಕ್ಕದಲ್ಲಿ ಕುಳಿತೆ. ಮೊದಲು ಹೋದವರಿಗೆ ಉಳಿದವರು ಇರುತ್ತೇವಲ್ಲ ಎಂದು ಸಮಾಧಾನ ಹೇಳಲು ಹೊರಟೆ. ಆ ಉಳಿದವರಿಗೆ ನೀರು ಬಿಡುವವರು ಯಾರು ಎಂಬುದು ನೆನಪಾಗಿ, ಬರೀ ಅವರ ಕೈ ಹಿಡಿದುಕೊಂಡೆ.