ಏನೋ, ಸ್ವಲ್ಪ ಬರುತ್ತೆ

ಈ ದೇಶಕ್ಕೆ ಹೊಸದಾಗಿ ಬಂದವರಿಗೆ ನೆರವಾಗುವ ಸಂಘದವರು ನನಗೊಂದು ಬಿಲ್ಲೆ ಕೊಟ್ಟಿದ್ದಾರೆ: 'ಸ್ವಯಂಸೇವಕ'. ಹಾಲು ತರಲು ಹೋಗುವಾಗಲೂ ಅದನ್ನು ಕೋಟಿಗೆ ಸಿಕ್ಕಿಸಿಕೊಂಡೇ ಹೋಗುತ್ತೇನೆ. "ಮಲಗೋವಾಗಾದ್ರೂ ಬಿಚ್ಚಿಡಿ, ಚುಚ್ಚುತ್ತೆ" ಎನ್ನುತ್ತಾಳೆ ಹೆಂಡತಿ. ವಾರವಿಡೀ ಗೋದಾಮಿನಲ್ಲಿ ಪೆಟ್ಟಿಗೆ ಹೊರುವವನಿಗೆ ಶನಿವಾರ ಒಂದು ದಿನ ದೊಡ್ಡ ಮನುಷ್ಯನಾಗುವ ಯೋಗ, ಬಿಡಲಿಕ್ಕಾಗುತ್ತದೆಯೇ? ಊರಿನಲ್ಲಿ ಹದಿನೈದು ವರ್ಷ ಬಡಗಿಯಾಗಿದ್ದೆ, ಒಂದೂ ಮೊಳೆ ಹೊಡೆಯದೆ ಹೆಬ್ಬಾಗಿಲು ಮಾಡಿ ನಿಲ್ಲಿಸಿದ್ದೆ ಎಂದು ಬಂದ ಬಂದವರಿಗೆಲ್ಲ ಅರ್ಧ ಗಂಟೆ ಕೊರೆಯುತ್ತೇನೆ. ಪಾಪ, ಎದ್ದು ಹೋಗೋಣವೆಂದರೆ ಅವರಿಗಿನ್ನೂ ದಾರಿ ಗೊತ್ತಿರುವುದಿಲ್ಲ.

ಒಂದು ಶನಿವಾರ ನಮ್ಮ ಕಡೆಯವಳೇ ಆದ ಟೈಲರಕ್ಕನನ್ನು ಹೊಲಿಗೆ ಕಾರ್ಖಾನೆಗೆ ಕರೆದುಕೊಂಡು ಹೋದೆ. ಅವಳು ಬಂದು ಮೂರು ತಿಂಗಳಾಗಿತ್ತು. ಕೆಲಸದ ಪತ್ರ ಸಿಕ್ಕರೆ ಮಾತ್ರ ಮಗಳನ್ನು ಕರೆಸಿಕೊಳ್ಳಬಹುದು. ಅಲ್ಲಿಯವರೆಗೆ ಮಗು ಊರಲ್ಲಿ, ತಂಗಿಯ ಮನೆಯಲ್ಲಿ.

"ಈಗೀಗ ಚಿಕ್ಕಮ್ಮನಿಗೇ ಅಮ್ಮ ಅಂತಾಳಂತೆ ಅಣ್ಣ" ಎಂದಳು, ಮೆಟ್ಟಿಲು ಹತ್ತುತ್ತಾ.

"ನಾನಿದೀನಲ್ಲ" ಎಂದು ಬಿಲ್ಲೆ ಸರಿಮಾಡಿಕೊಂಡೆ.

ಮೇಲ್ವಿಚಾರಕಿ ಹೊಲಿಗೆ ಬರುತ್ತದೆಯೇ ಎಂದು ಕೇಳಿದಳು. ನಾನು ಅದನ್ನು ನಮ್ಮ ಭಾಷೆಯಲ್ಲಿ ಕೇಳಿದೆ. ಅಕ್ಕ ತಲೆ ತಗ್ಗಿಸಿ, "ಏನೋ, ಸ್ವಲ್ಪ ಬರುತ್ತೆ" ಎಂದಳು. ನಾನು ಚಾಚೂ ತಪ್ಪದೆ ಹೇಳಿದೆ: ಸ್ವಲ್ಪ ಬರುತ್ತದಂತೆ. ನನ್ನ ಬೆನ್ನನ್ನು ನಾನೇ ತಟ್ಟಿಕೊಳ್ಳುವಷ್ಟರಲ್ಲಿ ಮೇಲ್ವಿಚಾರಕಿ ಕಡತ ಮುಚ್ಚಿದಳು. ಸ್ವಲ್ಪ ಬರುವವರು ಅವರಿಗೆ ಬೇಡವಂತೆ.

ಬೀದಿಗಿಳಿದ ಮೇಲೆ ನನಗೆ ಸಿಟ್ಟು ನೆತ್ತಿಗೇರಿತು. "ನಿಜವಾಗ್ಲೂ ಎಷ್ಟು ಬರುತ್ತೆ ನಿಮಗೆ?"

"ಇಪ್ಪತ್ತು ವರ್ಷ ಹೊಲಿದಿದೀನಿ. ಮೂವತ್ತು ಜನಕ್ಕೆ ಕಲಿಸಿದೀನಿ."

"ಅಯ್ಯೋ, ಅದನ್ನ ಅಲ್ಲಿ ಹೇಳೋದಲ್ವಾ!"

"ನನ್ನ ಬಗ್ಗೆ ನಾನೇ ಕೊಚ್ಚಿಕೊಳ್ಳೋದಾ? ಜೊತೇಲಿ ಬಂದ ದೊಡ್ಡವರು ನೀವು. ನೀವು ಹೇಳ್ತೀರ ಅಂದ್ಕೊಂಡೆ." ಅವಳ ಕಣ್ಣು ತುಂಬಿತ್ತು. "ಬೇಡ ಅಂದ್ರಾ ಅಣ್ಣ?"

ಕಪಾಳಕ್ಕೆ ಬಾರಿಸಿದಂತಾಯಿತು. ನಮ್ಮಲ್ಲಿ ಸಂಬಂಧ ಕೇಳುವಾಗಲೂ ಅಷ್ಟೇ, ಕೆಲಸ ಕೇಳುವಾಗಲೂ ಅಷ್ಟೇ, ಹೊಗಳಬೇಕಾದವರು ಪಕ್ಕದಲ್ಲಿ ಕೂತವರು. ಇಲ್ಲಿ ಪಕ್ಕದಲ್ಲಿ ಕೂತ ಮಹಾಶಯ ಅನುವಾದ ಮಾಡುತ್ತಿದ್ದ.

"ಬನ್ನಿ" ಎಂದು ಒಂದೇ ಉಸಿರಿಗೆ ಮತ್ತೆ ಮೆಟ್ಟಿಲು ಹತ್ತಿದೆ. ಆತುರದಲ್ಲಿ ಬಿಲ್ಲೆ ಬಾಗಿಲ ಚಿಲಕಕ್ಕೆ ಸಿಕ್ಕಿ ಕೋಟಿನ ಜೇಬು ಪರ್ರನೆ ಹರಿಯಿತು. ಆ ಅವತಾರದಲ್ಲೇ ನಿಂತು ಅಕ್ಕನನ್ನು ಬಾಯ್ತುಂಬ ಹೊಗಳಿದೆ. ಐದು ನಿಮಿಷದ ಹಿಂದೆ ಸ್ವಲ್ಪ ಅಂದಿರಿ, ಈಗ ಇಪ್ಪತ್ತು ವರ್ಷವೇ ಎಂದು ಮೇಲ್ವಿಚಾರಕಿ ನಕ್ಕಳು.

ಅಕ್ಕ ಇಬ್ಬರ ಮುಖವನ್ನೂ ನೋಡಿದಳು. "ಕೋಟು ಕೊಡಿ" ಎಂದವಳೇ ಅದನ್ನು ಕಿತ್ತುಕೊಂಡು ಖಾಲಿ ಮಿಷನ್ನಿನ ಮುಂದೆ ಕೂತಳು. ಕೆಲಸ ಮುಗಿದ ಮೇಲೆ ಮೇಲ್ವಿಚಾರಕಿ ಜೇಬನ್ನು ಒಳಗೂ ಹೊರಗೂ ತಿರುವಿ ಹರಿದ ಜಾಗ ಹುಡುಕಿದಳು. ಸಿಗಲಿಲ್ಲ. ಕೆಲಸದ ಪತ್ರ ಬರೆದು ಸಹಿ ಹಾಕಿದಳು. ಅಕ್ಕ ಅದನ್ನು ಎದೆಗೊತ್ತಿಕೊಂಡು ಗಳಗಳನೆ ಅತ್ತಳು.

ಸಹಿ ಹಾಕುವಾಗ ಮೇಜು ಅಲುಗಾಡಿತ್ತು. ಹಳೇ ಚಾಳಿ, ನಾನು ಬಗ್ಗಿ ಅದರ ಕಾಲು ಮುಟ್ಟಿ ನೋಡಿದೆ. ಮರಗೆಲಸ ಗೊತ್ತೇ ಎಂದು ಮೇಲ್ವಿಚಾರಕಿ ಕೇಳಿದಳು.

ನಾನು ತಲೆ ತಗ್ಗಿಸಿ, "ಏನೋ, ಸ್ವಲ್ಪ ಬರುತ್ತೆ" ಎಂದುಬಿಟ್ಟೆ.

ಹನ್ನೊಂದು ವರ್ಷದ ಹಿಂದೆ ಮೊದಲ ಸಲ ಕೆಲಸ ಕೇಳಲು ಹೋದಾಗಲೂ ಇದನ್ನೇ ಅಂದಿದ್ದೆ. ಆಗ ನನ್ನ ಪಕ್ಕದಲ್ಲಿ ಯಾರೂ ಇರಲಿಲ್ಲ. ಗೋದಾಮು ಸೇರಿದೆ.

ಮಾತು ತಿಳಿಯದಿದ್ದರೂ ತಗ್ಗಿದ ತಲೆ ಅಕ್ಕನಿಗೆ ಕಂಡಿತು. ಕಣ್ಣೊರೆಸಿಕೊಂಡು ನನ್ನತ್ತ ಕೈ ತೋರಿಸಿ, ನಾನೇ ಕಲಿಸಿದ್ದ ಇಲ್ಲಿನ ನಾಲ್ಕು ಮಾತುಗಳನ್ನು ಗಟ್ಟಿಯಾಗಿ ಜೋಡಿಸಿದಳು: "ಅಣ್ಣ! ಬಾಗಿಲು! ತುಂಬಾ ಒಳ್ಳೇದು!"

ಮೇಲ್ವಿಚಾರಕಿ ತಲೆಬುಡ ತಿಳಿಯದೆ ನನ್ನ ಮುಖ ನೋಡಿದಳು. ನಾನು ಆ ಹೆಬ್ಬಾಗಿಲಿನ ಕಥೆಯನ್ನು ಮೊದಲ ಸಲ ಇಲ್ಲಿನ ಭಾಷೆಯಲ್ಲಿ ಶುರುಮಾಡಿದೆ.