ನಾನು ಕೆರೆಯದೆ ಬಿಟ್ಟ ಗೋಡೆ

ನಾನು ಗೋಡೆ ಕೆರೆಯುವ ಒಂದು ಬ್ಲೇಡು. ಗದಗಿನ ಕಮ್ಮಾರನೊಬ್ಬ ಮುರಿದ ಗರಗಸದ ತುಂಡನ್ನು ಕಾಸಿ, ಬಡಿದು, ಜಾಲಿಯ ಹಿಡಿಕೆ ಹಾಕಿ ನನ್ನನ್ನು ಮಾಡಿದ. ಪೇಂಟರ್ ಮೌಲಾಸಾಬರು ಕೊಂಡರು. ಹಳೇ ಬಣ್ಣ ಕೆರೆದು, ಉಪ್ಪುಕಾಗದ ತಿಕ್ಕಿ, ಧೂಳು ಒರೆಸಿ, ಗೋಡೆ ಒಣಗುವ ತನಕ ಕಾದು, ಆಮೇಲೇ ಅವರು ಬಣ್ಣದ ಡಬ್ಬಿ ತೆಗೆಯುತ್ತಿದ್ದುದು. ಕಣ್ಣು ಮಂಜಾದಾಗ ನನ್ನನ್ನು ಅಳಿಯ ದಾವಲಸಾಬನ ಕೈಗಿತ್ತರು. ದಾವಲ ಕೆಟ್ಟವನಲ್ಲ, ಅವಸರದವನು.

ಒಮ್ಮೆ ಕಸ್ತೂರವ್ವನ ಮನೆಯಲ್ಲಿ ಕೆಲಸ ಸಿಕ್ಕಿತು. ಕೆಳಗೆ ಆಕೆ, ಮಹಡಿಯ ಮೇಲೆ ತಂಗಿ ನಿರ್ಮಲಾ. ಕಸ್ತೂರವ್ವನ ಮಗಳನ್ನು ನೋಡಲು ಗಂಡಿನವರು ಬರುವುದಕ್ಕೆ ಎರಡೇ ದಿನ ಉಳಿದಿತ್ತು. ಕಿಟಕಿಯ ಚೌಕಟ್ಟು ಸಂದು ಬಿಟ್ಟು, ಮಳೆನೀರು ಇಳಿದು ಗೋಡೆ ಹಸಿಯಾಗಿತ್ತು. ದಾವಲ ನನ್ನನ್ನು ಚೀಲದಿಂದ ತೆಗೆಯಲೇ ಇಲ್ಲ. ಧೂಳಿನ ಮೇಲೆಯೇ ಸಂದು ಮುಚ್ಚುವ ಅಂಟು, ಸೀಲೆಂಟ್, ಎಳೆದ, ಹಸಿ ಗೋಡೆಗೇ ಬಣ್ಣ ಬಳಿದ.

“ಒಣಗೇತೇನಪಾ?” ಕಸ್ತೂರವ್ವ ಕೇಳಿದಳು.

“ಖಡಕ್ ಒಣಗೇತ್ರೀ ಅವ್ವಾರ.”

ಚೀಲದೊಳಗಿಂದ ನಾನು ಆ ಸುಳ್ಳು ಕೇಳಿಸಿಕೊಂಡೆ.

ಮುಂದಿನ ಮಳೆಗಾಲಕ್ಕೆ ಗೋಡೆ ಬೊಕ್ಕೆ ಎದ್ದಿತು. ಮೇಲಿನ ಬಚ್ಚಲು ಸೋರುತ್ತಿದೆ ಎಂದು ಕಸ್ತೂರವ್ವ ತಂಗಿಯ ಮೇಲೆ ಹರಿಹಾಯ್ದಳು. ನಿರ್ಮಲಾ ಎರಡು ಸಲ ಬಚ್ಚಲು ಒಡೆಸಿ ಹೊಸದಾಗಿ ಕಟ್ಟಿಸಿದಳು. ಹಸಿ ನಿಲ್ಲಲಿಲ್ಲ. ಮಾತಿಗೆ ಮಾತು ಬೆಳೆದು ಆಕೆ ಬೆಟಗೇರಿಯಲ್ಲಿ ಬಾಡಿಗೆ ಮನೆ ಹಿಡಿದಳು.

ಮತ್ತೆ ಬಣ್ಣ ಹೊಡೆಯಲು ದಾವಲನಿಗೇ ಕರೆ ಬಂತು. ಈ ಸಲ ನನ್ನನ್ನು ಹಿಡಿದು ಕೆರೆದ. ಬಣ್ಣ ಹಪ್ಪಳದ ಹಾಗೆ ಎದ್ದು ಬಂತು. ಸಂದಿಯ ಸೀಲೆಂಟ್ ಕಿತ್ತುಬಂತು, ಅದರಡಿಯ ಧೂಳು ಹಾಗೇ ಇತ್ತು. ಸುಮ್ಮನೆ ಮುಚ್ಚಿಬಿಡಬಹುದಿತ್ತು. ನನ್ನನ್ನು ಕೆಳಗಿಟ್ಟು ಕಸ್ತೂರವ್ವನನ್ನು ಕರೆದ.

“ಅವ್ವಾರ, ನೀರು ಮ್ಯಾಲಿಂದ ಬಂದಿಲ್ರೀ. ಈ ಸಂದ್ಯಾಗಿಂದ ಬಂದೈತಿ. ಅವತ್ತು ನಾ ಕೆರೀಲಿಲ್ಲ, ಒರಸಲಿಲ್ಲ, ಸುಳ್ಳು ಹೇಳಿದ್ನಿ. ನಿಮ್ಮ ತಂಗೇರದು ಏನೂ ತಪ್ಪಿಲ್ರೀ.”

ಕಸ್ತೂರವ್ವ ಅವನನ್ನು ಬೈಯಲಿಲ್ಲ. “ಅಕೀಗೆ ನಾ ಎಂಥೆಂಥಾ ಮಾತು ಅಂದ್ನೋ” ಎಂದಳು.

ಅಂದೇ ಸಂಜೆ ಇಬ್ಬರೂ ಬೆಟಗೇರಿಗೆ ಹೋದರು. ನಾನು ಚೀಲದಲ್ಲಿದ್ದೆ. ನಿರ್ಮಲಾ ಎಲ್ಲ ಕೇಳಿದಳು, ಇಬ್ಬರಿಗೂ ಚಹಾ ಕೊಟ್ಟಳು.

“ಮನಿಗೆ ಬಾರವ್ವ” ಎಂದಳು ಅಕ್ಕ.

“ಬರ್ತೀನಿ ಅಕ್ಕ, ಹಬ್ಬಕ್ಕ.”

ಈಗ ನನ್ನ ಅಂಚು ಸವೆದಿದೆ. ದಾವಲನ ಮನೆಯ ಗೂಡಿನಲ್ಲಿ ಬಿದ್ದಿದ್ದೇನೆ. ಅವನು ಗೋಡೆ ಒಣಗದೆ ಬಣ್ಣ ಮುಟ್ಟುವುದಿಲ್ಲ. ತಪ್ಪು ಅವನದು, ನಾನು ಬರೀ ಕಬ್ಬಿಣ ಎಂದು ಎಷ್ಟೋ ಸಲ ಅಂದುಕೊಂಡಿದ್ದೇನೆ. ಸಮಾಧಾನವಾಗುವುದಿಲ್ಲ. ನಿರ್ಮಲಾ ಹಬ್ಬಕ್ಕೆ ಬರುತ್ತಾಳಂತೆ, ಉಂಡು ಹೋಗುತ್ತಾಳಂತೆ. ಮೇಲಿನ ಮಹಡಿಯಲ್ಲಿ ಈಗ ಬೇರೆ ಯಾರೋ ಇದ್ದಾರೆ.